ಅಂಗೈ ಲೆಕ್ಕ

ಒಂದು ಅಂಗೈ ಅಂದರೆ ಮೈಯ ನೂರನೇ ಒಂದು ಪಾಲಂತೆ.
ಅವನದೇ ಅಂಗೈ, ಬೆರಳೂ ಸೇರಿ.
ಕೌಂಟಿ ಆಫೀಸಿನ ಹುಡುಗಿ ಕಾಗದದ ಮೇಲೆ ಅವನ ಕೈ ಇಡಿಸಿ
ಸುತ್ತ ಗೆರೆ ಎಳೆದು, ಕತ್ತರಿಸಿ ಕೊಟ್ಟಳು:
"ಆರ್ಡಿಸ್, ಇದರಲ್ಲಿ ಅಳೆಯಿರಿ.
ಐದು ಮುಟ್ಟಿದರೆ ದುಡ್ಡು, ಇಲ್ಲವಾದರೆ ಸೊನ್ನೆ."

ಡುಲೂತಿನ ಫೆಬ್ರವರಿ. ಸರೋವರ ಕಲ್ಲಾಗಿದೆ.
ಅಡುಗೆಮನೆಯಲ್ಲಿ ಅಂಗಿ ಬಿಚ್ಚಿ ನಿಂತಿದ್ದಾನೆ ವೇನ್ ಕಾಂಗಾಸ್,
ಒಂದು ಕಾಲದಲ್ಲಿ ಟ್ಯಾಂಕುಗಳ ಹೊಟ್ಟೆ ರಿಪೇರಿ ಮಾಡಿದವ,
ಈಗ ಗುಂಡಿ ಬಿಚ್ಚಲು ನನ್ನ ಬೆರಳು ಬೇಕು.
ಮೊಣಕೈಗಳಿಗೆ ಎರಡು. ಬೆನ್ನಿಗೆ ಮೂರು.
ಮೊಣಕಾಲ ಕೆಳಗೆ ಒಂದೂವರೆ.
ಆರೂವರೆ!
ಇಬ್ಬರೂ ನಕ್ಕೆವು, ಲಾಟರಿ ಹೊಡೆದವರ ಹಾಗೆ.

ಅಂಗೈ ಹುಣ್ಣಿಗೆ ಕನ್ನಡಿ ಯಾಕೆ, ಅನ್ನುವವರು ಅನ್ನಲಿ.
ಬೇಕು.
ಕನ್ನಡಿ ಬೇಕು, ಫೋಟೊ ಬೇಕು, ಪಕ್ಕದಲ್ಲಿ ಅಳತೆಪಟ್ಟಿ ಬೇಕು,
ಹುಣ್ಣು ಹುಟ್ಟಿದ್ದು ಮರಳುಗಾಡಲ್ಲೇ ಎಂದು
ತೊಂಬತ್ತೊಂದರಲ್ಲೇ ಯಾರಾದರೂ ಬರೆದಿಟ್ಟಿರಬೇಕು.

ಬರೆದಿಲ್ಲ. ಕಡತದಲ್ಲಿ ಆ ವರ್ಷ
ಒಂದು ಹಲ್ಲುನೋವು, ಅಷ್ಟೇ.
ಆಸ್ಪತ್ರೆ ಡೇರೆಯ ಮುಂದೆ ನಿಂತವರನ್ನು
ಸಾರ್ಜೆಂಟ್ ಬಸುರಿಯರೇ ಎಂದು ಕೂಗುತ್ತಿದ್ದನಂತೆ;
ಯಾರೂ ನಿಲ್ಲುತ್ತಿರಲಿಲ್ಲ.
ಎಣ್ಣೆಬಾವಿ ಹೊತ್ತಿ ನಡುಮಧ್ಯಾಹ್ನ ಕತ್ತಲೆ,
ಡೀಸೆಲಲ್ಲಿ ತೊಳೆದ ಕೈ, ಅದೇ ಕೈಯಲ್ಲಿ ಬ್ರೆಡ್ಡು,
ಕಬ್ಬಿಣದ ಮೇಲೆ ದಿನಕ್ಕೆ ಹದಿನಾಲ್ಕು ಗಂಟೆ ಮೊಣಕಾಲೂರಿ.
ಚರ್ಚಿನಲ್ಲೂ ಅಷ್ಟು ಊರಿಲ್ಲ ನಾನು, ಎನ್ನುತ್ತಾನೆ.

ಸಾಕ್ಷಿ ಡೆಲ್ಫೀನೊ ಬಾಕಾ ಒಬ್ಬನೇ.
ನ್ಯೂ ಮೆಕ್ಸಿಕೊದಿಂದ, ಪೆನ್ಸಿಲಲ್ಲಿ:
"ಇವನು ರಾತ್ರಿಯೆಲ್ಲ ಕೆರೆಯುತ್ತಿದ್ದ. ನಾನು ಬೂಟು ಎಸೆಯುತ್ತಿದ್ದೆ."
ಇದಕ್ಕಿಂತ ಒಳ್ಳೆಯ ಪತ್ರ ನಮ್ಮ ಮನೆಗೆ ಬಂದಿಲ್ಲ.

ಪರೀಕ್ಷೆಗೆ ಮೂರು ವಾರ ಇರುವಾಗ ಮುಲಾಮು ನಿಲ್ಲಿಸಿದ.
"ಕಾಣಬೇಕಲ್ಲ," ಎಂದ.
ಬೆಳಗಾದರೆ ಹಾಸಿಗೆಯಲ್ಲಿ ಹಿಡಿ ಹಿಡಿ ಹುರುಪೆ.
ರಾತ್ರಿಯಾದರೆ ಆ ಸದ್ದು,
ಹೊರಗೆ ಯಾರೋ ಕಾರಿನ ಗಾಜಿನಿಂದ
ಹಿಮ ಹೆರೆಯುತ್ತಿರುವಂತೆ, ಹೆರೆದು ಮುಗಿಯದಂತೆ.
ಎಂಟನೆಯ ರಾತ್ರಿ ನನ್ನ ಕೈಲಾಗಲಿಲ್ಲ.
ಅವನ ಉಸಿರು ಭಾರವಾಗುವವರೆಗೆ ಕಾದು
ಟ್ಯೂಬು ಹಿಂಡಿ, ಅಂಗೈಯಲ್ಲಿ ಬಿಸಿ ಮಾಡಿ
ಬೆನ್ನಿಗೆ ಹಚ್ಚಿದೆ, ಕಳ್ಳಿಯ ಹಾಗೆ.
ಹಾಗೇ ಹದಿಮೂರು ರಾತ್ರಿ.

ಡಾಕ್ಟರು ಒಳ್ಳೆಯವಳೇ. ಹನ್ನೆರಡು ನಿಮಿಷ.
ಬೆನ್ನು ನೋಡಿ, ಪರವಾಗಿಲ್ಲವಲ್ಲ, ಎಂದಳು.
ಕೋನ ಅಳೆಯುವ ಪಟ್ಟಿಯನ್ನು ಮೊಣಕಾಲಿಗೆ ಹಿಡಿದು
"ನೋವು ಶುರುವಾದಲ್ಲಿ ನಿಲ್ಲಿಸಿ."
ಸೈನ್ಯ ಅವನಿಗೆ ಕಲಿಸಿದ್ದು ಅದಲ್ಲ.
ಹಲ್ಲು ಕಚ್ಚಿ ಮಡಿಸಿದ, ಹಿಮ್ಮಡಿ ತೊಡೆಗೆ ತಾಗುವಷ್ಟು.
ಅವನ ಕಿವಿಯ ಹಿಂದೆ ಬೆವರಿಳಿದದ್ದು ನನಗೆ ಕಂಡಿತು;
ಅವಳು ಪಟ್ಟಿ ನೋಡುತ್ತಿದ್ದಳು.
ನೂರ ಮೂವತ್ತೈದು. ಬರೆದುಕೊಂಡಳು.

ಲಕೋಟೆ ಬಂದದ್ದು ಮೇ ತಿಂಗಳಲ್ಲಿ.
ಚರ್ಮ: ಸೇವೆಗೆ ಸಂಬಂಧವುಂಟು. ನಾಲ್ಕು ಅಂಗೈ. ಪರಿಹಾರ ಸೊನ್ನೆ.
ಕೀಲು: ಸಾಕಷ್ಟು ಬಾಗುತ್ತದೆ.
ನಿಮ್ಮ ಸೇವೆಗೆ ಧನ್ಯವಾದ.

ವೇನ್ ಮೂರು ಸಲ ಓದಿದ.
"ಸಂಬಂಧವುಂಟು ಅಂದಿದ್ದಾರೆ ನೋಡು,"
ಹೆಣ್ಣಿನ ಕಡೆಯವರು ಒಪ್ಪಿದ ಹಾಗೆ.
ಆಮೇಲೆ, ಕಿಟಕಿಯ ಕಡೆ ತಿರುಗಿ,
"ಆ ವಾರವೇ ತಾನಾಗಿ ಯಾಕೆ ವಾಸಿಯಾಯಿತೋ!
ದೇವರಿಗೆ ನನ್ನ ಮೇಲೆ ಏನೋ ಹಳೆಯ ಸೇಡು."
ನಾನು ಆಲೂಗಡ್ಡೆ ಹೆರೆಯುತ್ತಿದ್ದೆ,
ಸಿಪ್ಪೆ ತುಂಡಾಗದಂತೆ, ಉದ್ದಕ್ಕೆ.

ಮೇಲ್ಮನವಿಗೆ ಒಂದು ವರ್ಷ ಸಮಯವಿದೆ.
ಮುಲಾಮು ಮತ್ತೆ ನಿಲ್ಲಿಸಿದ್ದಾನೆ.
ಕಾಗದದ ಅಂಗೈ ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡಿದೆ,
ಹೆಬ್ಬೆರಳ ಬುಡದಲ್ಲೊಂದು ಜಿಡ್ಡಿನ ಕಲೆ, ನನ್ನದು;
ಬೆಳಕಿಗೆ ಹಿಡಿದರೆ ಆಚೆಯದೆಲ್ಲ ಕಾಣುತ್ತದೆ.
ಅವನಿನ್ನೂ ಬೆಳಕಿಗೆ ಹಿಡಿದಿಲ್ಲ.